ಗಿಡದ ಅಕ್ವೇರಿಯಂನಲ್ಲಿ ಪಾಚಿ: ಕರೆಂಟು, ಟೈಮರು ಮತ್ತು ಬೆಳಕಿನ ಲೆಕ್ಕ

ಹುಬ್ಬಳ್ಳಿಯ ವಿದ್ಯಾನಗರದ ದಂತ ಚಿಕಿತ್ಸಾಲಯವೊಂದರಲ್ಲಿ ನಾನು ನೋಡಿಕೊಳ್ಳುವ ಮೂರು ಅಡಿಯ ಗಿಡದ ತೊಟ್ಟಿ ಇದೆ. ಒಂದು ಮಳೆಗಾಲದಲ್ಲಿ ಅದರ ಅನುಬಿಯಾಸ್ ಎಲೆಗಳ ಅಂಚಿಗೆಲ್ಲ ಕಪ್ಪು ಗಡ್ಡದಂಥ ಪಾಚಿ ಹತ್ತಿತು. ಗೊಬ್ಬರ, ಆಹಾರ, ನೀರು ಯಾವುದೂ ಬದಲಾಗಿರಲಿಲ್ಲ. ಗಿಡಗಳಿಗೆಂದು ಸಿಲಿಂಡರಿನಿಂದ ನೀರಿಗೆ ಬಿಡುವ ಕಾರ್ಬನ್ ಡೈಆಕ್ಸೈಡನ್ನು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಕೂಡ ನಾನು ಹೋದಾಗಲೆಲ್ಲ ಹಸಿರಾಗಿಯೇ ಇರುತ್ತಿತ್ತು, ಅಂದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಅನಿಲ ಕರಗಿದೆ ಎಂದರ್ಥ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ ಎಂದು ಅಲ್ಲಿನ ಸಹಾಯಕ ಹೇಳದೇ ಇದ್ದಿದ್ದರೆ ಕಾರಣ ನನಗೆ ಇನ್ನೂ ಒಂದು ತಿಂಗಳು ಹೊಳೆಯುತ್ತಿರಲಿಲ್ಲ.

ದೀಪಕ್ಕೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದ್ದೆ. ಅನಿಲದ ಸಿಲಿಂಡರಿನ ವಾಲ್ವಿಗೆ ಮಾತ್ರ ಹಲ್ಲುಗಾಲಿಯ ಹಳೆಯ ಮಾದರಿಯ ಟೈಮರ್ ಇತ್ತು. ಕರೆಂಟು ಹೋದರೆ ಈ ಎರಡನೆಯದು ನಿಂತುಬಿಡುತ್ತದೆ, ಬಂದ ಮೇಲೆ ನಿಂತಲ್ಲಿಂದಲೇ ತಿರುಗುತ್ತದೆ. ಮಳೆಗಾಳಿಯ ಎರಡು ವಾರಗಳಲ್ಲಿ ಅಷ್ಟಿಷ್ಟು ಹೋದ ಕರೆಂಟೆಲ್ಲ ಸೇರಿ ಅದು ಮೂರು ಗಂಟೆ ಹಿಂದೆ ಬಿದ್ದಿತ್ತು. ದೀಪ 12ಕ್ಕೆ ಹತ್ತುವ ಮೊದಲು, ಬೆಳಿಗ್ಗೆ 10.30ಕ್ಕೆ ಶುರುವಾಗಬೇಕಿದ್ದ ಅನಿಲ ಮಧ್ಯಾಹ್ನ 1.30ಕ್ಕೆ ಬರುತ್ತಿತ್ತು, ದೀಪ ಆರಿದ ಮೇಲೂ ಬರುತ್ತಲೇ ಇತ್ತು. ದಿನದ ಮೊದಲ ಗಂಟೆಗಳಲ್ಲಿ ಗಿಡಗಳಿಗೆ ಬೆಳಕಿತ್ತು, ಇಂಗಾಲ ಇರಲಿಲ್ಲ. ರಾತ್ರಿ ಮೀನುಗಳಿಗೆ ಬೇಡದ ಅನಿಲ ಇತ್ತು. ನಾನು ಹೋಗುತ್ತಿದ್ದುದು ಸಂಜೆ, ಅಷ್ಟರಲ್ಲಿ ಡ್ರಾಪ್ ಚೆಕರ್ ಹಸಿರಾಗಿರುತ್ತಿತ್ತು. ನೀರಿನಲ್ಲಾದ ಬದಲಾವಣೆಯನ್ನು ಅದು ಒಂದೆರಡು ಗಂಟೆ ತಡವಾಗಿ ತೋರಿಸುತ್ತದೆ ಎಂಬುದನ್ನು ಮರೆತು ಅದನ್ನು ನಂಬಿದ್ದು ನನ್ನ ತಪ್ಪು.

ನಮ್ಮ ಎರೆಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಬೆಳೆ ಚುರುಕಾಗಿ ಎದ್ದು ಸಾಲು ಮುಚ್ಚಿಕೊಂಡರೆ ಕಳೆಯ ಜೋರು ತಾನಾಗಿ ಇಳಿಯುತ್ತದೆ. ಬೆಳೆ ಸೊರಗಿ ಸಾಲು ತೆರೆದೇ ಉಳಿದರೆ ಎಷ್ಟು ಸಲ ಎಡೆ ಹೊಡೆದರೂ ಕಳೆ ಮತ್ತೆ ಏಳುತ್ತದೆ. ತೊಟ್ಟಿಯಲ್ಲಿ ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ, ಆ ಹಸಿವಿಗೆ ತಕ್ಕ ಇಂಗಾಲ ಮತ್ತು ಪೋಷಕಾಂಶ ಸಿಗದಿದ್ದರೆ ಹಳೆಯ ಎಲೆಗಳು ಸೊರಗಿ, ಸೋರುವ ಸಾವಯವ ವಸ್ತುವಿನ ಮೇಲೆ ಪಾಚಿ ನೆಲೆಯೂರುತ್ತದೆ. ಆದ್ದರಿಂದ ಹೊಸ ತೊಟ್ಟಿಯಲ್ಲಿ ಮೊದಲ ದಿನವೇ ತಳದ ಮುಕ್ಕಾಲು ಭಾಗವನ್ನು ಬೇಗ ಬೆಳೆಯುವ ಗಿಡಗಳಿಂದ, ಅಂದರೆ ಹೈಗ್ರೋಫಿಲ, ರೋಟಾಲ, ನೀರುಬ್ರಾಹ್ಮಿಗಳಿಂದ ತುಂಬಿಸುತ್ತೇನೆ. ನಾಲ್ಕು ಗಿಡ ನೆಟ್ಟು ಹತ್ತು ಗಂಟೆ ದೀಪ ಹಚ್ಚುವವರ ತೊಟ್ಟಿಗೆ ಪಾಚಿ ಬರದಿದ್ದರೆ ಅದೇ ಆಶ್ಚರ್ಯ. ದಿನಕ್ಕೆ ಆರರಿಂದ ಎಂಟು ಗಂಟೆ ದೀಪ ಸಾಕು. ಕಿಟಕಿಯಿಂದ ನೇರ ಬಿಸಿಲು ಬೀಳುತ್ತಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಅನೇಕರು ದೀಪವನ್ನು ಅದಕ್ಕೆ ಜೋಡಿಸಿ ಫಿಲ್ಟರನ್ನು ಬಿಟ್ಟಿರುತ್ತಾರೆ. ಇದು ಹಿಂದುಮುಂದಾದ ವ್ಯವಸ್ಥೆ. ದೀಪ ಎರಡು ಗಂಟೆ ಆರಿದ್ದರೆ ಗಿಡ ಸಾಯುವುದಿಲ್ಲ, ಆದರೆ ಮುಚ್ಚಿದ ಫಿಲ್ಟರಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಅಲ್ಲಿನ ಉಪಯುಕ್ತ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ನಾಶವಾಗಿ ಅಮೋನಿಯಾ ಏರುತ್ತದೆ.

ಪಾಚಿಗೆ ಹೆದರಿ ಗೊಬ್ಬರವನ್ನೇ ನಿಲ್ಲಿಸುವವರನ್ನು ನಾನು ವಾರಕ್ಕೊಬ್ಬರಂತೆ ಕಾಣುತ್ತೇನೆ. ಫಾಸ್ಫೇಟನ್ನು ಶೂನ್ಯಕ್ಕೆ ಇಳಿಸಿದರೆ ಪಾಚಿ ಸಾಯುತ್ತದೆ ಎಂಬುದು ಹಳೆಯ ನಂಬಿಕೆ. ಗಾಜಿನ ಮೇಲೆ, ನಿಧಾನವಾಗಿ ಬೆಳೆಯುವ ಎಲೆಗಳ ಮೇಲೆ ಚುಕ್ಕಿಚುಕ್ಕಿಯಾಗಿ ಅಂಟುವ ಗಟ್ಟಿ ಹಸಿರು ಪಾಚಿ ಹೆಚ್ಚಾಗಿ ಕಾಣುವುದೇ ಫಾಸ್ಫೇಟ್ ಕಡಿಮೆಯಿರುವ ತೊಟ್ಟಿಗಳಲ್ಲಿ. ಗೊಬ್ಬರಕ್ಕಾಗಿ ಆಮದಾದ ಬಾಟಲಿಯೇ ಬೇಕೆಂದಿಲ್ಲ. ಮೆಣಸಿನಕಾಯಿ, ದ್ರಾಕ್ಷಿ, ದಾಳಿಂಬೆಗೆ ಹನಿ ನೀರಾವರಿಯಲ್ಲಿ ಬಿಡುವ 13:0:45 ಎಂಬುದು ಪೊಟ್ಯಾಸಿಯಂ ನೈಟ್ರೇಟ್, 0:52:34 ಎಂಬುದು ಮೊನೊ ಪೊಟ್ಯಾಸಿಯಂ ಫಾಸ್ಫೇಟ್; ಎರಡೂ ಗೊಬ್ಬರದ ಅಂಗಡಿಯಲ್ಲಿ ದೊರೆಯುತ್ತವೆ. 100 ಲೀಟರ್ ನೀರಿಗೆ ಮೊದಲನೆಯದು 1.6 ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತದೆ, ಎರಡನೆಯದು 0.14 ಗ್ರಾಂ ಹಾಕಿದರೆ ಫಾಸ್ಫೇಟ್ ಸುಮಾರು 1 ಮಿಲಿಗ್ರಾಂ ಏರುತ್ತದೆ. ಆದರೆ ಅದೇ ಅಂಗಡಿಯ 19:19:19 ಪೊಟ್ಟಣವನ್ನು ಮುಟ್ಟಬಾರದು. ಅದರ ಸಾರಜನಕದ ಬಹುಪಾಲು ಯೂರಿಯಾ ಮತ್ತು ಅಮೋನಿಯಾ ರೂಪದಲ್ಲಿರುತ್ತದೆ, ಅದು ಮೀನಿಗೆ ವಿಷ, ಪಾಚಿಗೆ ಔತಣ.

ವಾರಕ್ಕೊಮ್ಮೆ ಮೂರನೇ ಒಂದರಿಂದ ಅರ್ಧದಷ್ಟು ನೀರು ಬದಲಿಸಿ ಎಂದು ಹೇಳುವುದು ಸುಲಭ, ನಲ್ಲಿಯಲ್ಲಿ ನೀರು ಹಲವು ದಿನಗಳಿಗೊಮ್ಮೆ ಬರುವ ಬಡಾವಣೆಗಳಲ್ಲಿ ಪಾಲಿಸುವುದು ಕಷ್ಟ. ಒಂದು ವಾರ ಮಲಪ್ರಭೆಯ ನೀರು, ಇನ್ನೊಂದು ವಾರ ಗಡಸು ಬೋರ್‌ವೆಲ್ ನೀರು ಸುರಿಯುವುದಕ್ಕಿಂತ ನಲ್ಲಿಯ ನೀರನ್ನು ಎರಡು ಡ್ರಮ್ಮಿನಲ್ಲಿ ಪ್ರತ್ಯೇಕವಾಗಿ ಹಿಡಿದಿಟ್ಟು, ಕ್ಲೋರಿನ್ ಹೋಗಲು ಹೈಪೋ (ಸೋಡಿಯಂ ಥಿಯೋಸಲ್ಫೇಟ್) ಹಾಕಿ, ಕಾಲು ಭಾಗವನ್ನಷ್ಟೇ ತಪ್ಪದೆ ಬದಲಿಸುವುದು ವಾಸಿ. ಬೇಸಿಗೆಯಲ್ಲಿ ಆವಿಯಾದ ಜಾಗಕ್ಕೆ ಮಾತ್ರ ಆರ್‌ಒ ನೀರನ್ನೇ ತುಂಬಬೇಕು, ಇಲ್ಲವಾದರೆ ಲವಣ ಉಳಿದು ಗಡಸುತನ ಏರುತ್ತಲೇ ಹೋಗುತ್ತದೆ.

ಹೊಸ ತೊಟ್ಟಿಯ ಕಂದು ಪುಡಿ ಡಯಾಟಮ್. ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ, ಬಟ್ಟೆಯಿಂದ ಒರೆಸಿದರೆ ಸಾಕು. ನೀಲಿ ಹಸಿರು ಲೋಳೆಯಾಗಿ ಹಾಳೆಯಂತೆ ಎದ್ದು ಬಂದು ಮಣ್ಣಿನ ವಾಸನೆ ಬೀರುವುದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದನ್ನು ಹೀರಿ ತೆಗೆದು, ದಪ್ಪ ಬಟ್ಟೆ ಹೊದಿಸಿ ಮೂರು ದಿನ ಕತ್ತಲೆಯಲ್ಲಿಟ್ಟು, ಆಮೇಲೆ ನೀರಿನ ಓಟವನ್ನೂ ನೈಟ್ರೇಟನ್ನೂ ಹೆಚ್ಚಿಸಿದರೆ ಸಾಮಾನ್ಯವಾಗಿ ಹಿಮ್ಮೆಟ್ಟುತ್ತದೆ. ಆಂಟಿಬಯೋಟಿಕ್ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಔಷಧಿಯ ವಿಷಯದಲ್ಲಿ ನನ್ನದೂ ಒಂದು ಕಥೆಯಿದೆ. ಈ ಕೆಲಸ ಶುರುಮಾಡಿದ ಹೊಸತರಲ್ಲಿ ತಾಮ್ರ ಬೆರೆತ ಪಾಚಿನಾಶಕವನ್ನು ಅಳತೆಗಿಂತ ತುಸು ಹೆಚ್ಚು ಸುರಿದು, ಮರುದಿನ ಬೆಳಿಗ್ಗೆ ತೊಟ್ಟಿಯ ಸೀಗಡಿಗಳನ್ನೆಲ್ಲ ಸತ್ತ ಸ್ಥಿತಿಯಲ್ಲಿ ಕಂಡೆ. ಪಾಚಿಯೂ ಸತ್ತಿತ್ತು, ಕೊಳೆತಿತ್ತು, ಹದಿನೈದು ದಿನಕ್ಕೆ ಮರಳಿ ಬಂತು. ಇನ್ನು ‘ಕ್ಲೀನರ್’ ಎಂದು ಮಾರುವ ಸಕ್ಕರ್ ಮೀನು ಒಂದು ಅಡಿಗೂ ಮಿಕ್ಕಿ ಬೆಳೆದು ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಸಾಕಾಯಿತೆಂದು ಅದನ್ನು ಉಣಕಲ್ ಕೆರೆಗೆ ಬಿಡುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅಮಾನೊ ಸೀಗಡಿ, ನೆರೈಟ್ ಬಸವನಹುಳು ಸಾಕು.

ಚಿಕಿತ್ಸಾಲಯದ ತೊಟ್ಟಿಗೆ ಎರಡೂ ಡಿಜಿಟಲ್ ಟೈಮರ್ ಹಾಕಿದೆ, ದೀಪವನ್ನು ಆರು ಗಂಟೆಗೆ ಇಳಿಸಿದೆ, ಪಾಚಿ ಹತ್ತಿದ ಹಳೆಯ ಎಲೆಗಳನ್ನು ಬುಡಕ್ಕೆ ಕತ್ತರಿಸಿದೆ. ಎತ್ತಿ ಹೊರಗಿಡಬಹುದಾದ ಒಂದು ಕೊರಡಿನ ಮೇಲೆ 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡನ್ನು ಬ್ರಶ್ಶಿನಿಂದ ಸವರಿ, ಐದು ನಿಮಿಷ ಬಿಟ್ಟು ತೊಳೆದು ಮರಳಿಸಿದೆ. ಮೂರನೆಯ ದಿನ ಆ ಕಪ್ಪು ಗಡ್ಡ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ವಾಸ್ತವವಾಗಿ ಕೆಂಪು ಪಾಚಿಯ ಜಾತಿ, ಸಾಯುವಾಗ ಮಾತ್ರ ಒಳಗಿನ ಬಣ್ಣ ತೋರಿಸುತ್ತದೆ. ಸೀಗಡಿಗಳು ಅದನ್ನು ಒಂದು ವಾರದಲ್ಲಿ ತಿಂದು ಮುಗಿಸಿದವು.