ಬೇಲಿಯ ನಿಯಮದಿಂದ ವಿನಾಯಿತಿ: ಟೆಕ್ಸಸ್ ಬಡಾವಣೆಗಳಲ್ಲಿ ಅರ್ಜಿ ಬರೆಯುವ ಮುನ್ನ

ಟೆಕ್ಸಸ್‌ನ ಉಪನಗರಗಳಲ್ಲಿ ಹೊಸದಾಗಿ ಮನೆ ಕೊಂಡ ಕನ್ನಡಿಗರು ನನ್ನ ಬಳಿ ತರುವ ಪ್ರಶ್ನೆಗಳಲ್ಲಿ ಬೇಲಿಯದು ಸಾಮಾನ್ಯವಾದದ್ದು. ನಮ್ಮೂರಿನಲ್ಲಿ ಸೈಟು ಕೊಂಡವರು ಎಷ್ಟೋ ಸಲ ಮನೆಯ ಪಾಯಕ್ಕಿಂತ ಮೊದಲೇ ಕಾಂಪೌಂಡು ಎಬ್ಬಿಸುತ್ತಾರೆ. ಇಲ್ಲಿನ ಬಹುತೇಕ ಬಡಾವಣೆಗಳಲ್ಲಿ ಮನೆಯ ಮುಂಭಾಗ ತೆರೆದೇ ಇರಬೇಕು. ಮೂಲೆ ಸೈಟಾದರೆ ಪಕ್ಕದ ರಸ್ತೆಯ ಕಡೆಗೂ ಅದೇ ಕಟ್ಟುಪಾಡನ್ನು ಅನ್ವಯಿಸುವ ನಗರಗಳು ಹಲವು. ಮೂಲೆಯೆಂದು ಹೆಚ್ಚು ಹಣ ಕೊಟ್ಟವರಿಗೆ ಹಿತ್ತಲಿನ ಒಂದು ಪಾಲು ಬೇಲಿಯ ಹೊರಗೇ ಉಳಿಯುತ್ತದೆಂಬುದು ಗೊತ್ತಾಗುವುದು ಬೇಲಿಯವನು ಅಳತೆ ಟೇಪು ಹಿಡಿದು ನಿಂತಾಗ.

ವಿನಾಯಿತಿ ಕೇಳುವ ದಾರಿ ಇದೆ. ಆದರೆ ಯಾರನ್ನು ಕೇಳಬೇಕೆಂಬುದನ್ನು ಮೊದಲು ತಿಳಿಯಬೇಕು. ನಗರದ ವಲಯ ನಿಯಮ, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ಜೋನಿಂಗ್ ಕಟ್ಟಳೆ, ಬೇರೆ, ಮನೆ ಮಾಲೀಕರ ಸಂಘದ, ಅಂದರೆ ಎಚ್‌ಒಎಯ, ನಿಬಂಧನೆ ಬೇರೆ. ಎರಡನೆಯದು ಕ್ರಯಪತ್ರದೊಂದಿಗೆ ಬಂದ ಖಾಸಗಿ ಕರಾರಾದ್ದರಿಂದ ನಗರ ಕೊಟ್ಟ ವಿನಾಯಿತಿ ಅದನ್ನು ಸಡಿಲಿಸುವುದಿಲ್ಲ. ಸಂಘ ಒಪ್ಪಿತೆಂದು ನಗರವೂ ಒಪ್ಪಬೇಕಾಗಿಲ್ಲ. ಸಂಘದ ಒಪ್ಪಿಗೆ ಪತ್ರವನ್ನು ಮೊದಲು ಪಡೆಯಿರಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ನಗರದ ವಿಚಾರಣೆಯಲ್ಲಿ ಆ ಪತ್ರಕ್ಕೆ ಒಂದಿಷ್ಟು ತೂಕ ಇರುತ್ತದೆ. ರಾಜ್ಯದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ 40ಕ್ಕಿಂತ ಹೆಚ್ಚು ನಿವೇಶನಗಳಿರುವ ಸಂಘಗಳು ಇಂಥ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಮಾಲೀಕರು 30 ದಿನಗಳೊಳಗೆ ಸಂಘದ ಮಂಡಳಿಯ ಮುಂದೆ ವಿಚಾರಣೆ ಕೇಳಬಹುದು.

ನಗರದ ಕಡೆಯಿಂದ ವಿನಾಯಿತಿ ಕೊಡುವುದು ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್ ಎಂಬ ಮಂಡಳಿ. ರಾಜ್ಯದ ಕಾನೂನು ಅದಕ್ಕೆ ಹಾಕಿಕೊಟ್ಟ ಅಳತೆಗೋಲು ಬಿಗಿಯಾದದ್ದು: ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಬಾರದು, ವಿಶೇಷ ಪರಿಸ್ಥಿತಿಯೊಂದರಿಂದಾಗಿ ನಿಯಮವನ್ನು ಅಕ್ಷರಶಃ ಪಾಲಿಸುವುದು ಅನಗತ್ಯ ಸಂಕಷ್ಟವಾಗಬೇಕು, ನಿಯಮದ ಆಶಯ ಉಳಿಯಬೇಕು. ಆ ವಿಶೇಷ ಪರಿಸ್ಥಿತಿ ನೆಲದ್ದಾಗಿರಬೇಕೇ ಹೊರತು ಅದರ ಮೇಲೆ ವಾಸಿಸುವವರದ್ದಲ್ಲ. ವಿನಾಯಿತಿ ಸಾಮಾನ್ಯವಾಗಿ ಮಾಲೀಕರು ಬದಲಾದರೂ ಆಸ್ತಿಯ ಜೊತೆಗೇ ಉಳಿಯುತ್ತದೆ. ಹೀಗಾಗಿ ಮಂಡಳಿ ಇಂದಿನ ಕುಟುಂಬದ ಅಗತ್ಯಗಳನ್ನು ಬದಿಗಿಟ್ಟು ನಕ್ಷೆಯನ್ನು ನೋಡುತ್ತದೆ.

ನನ್ನ ಮುಂದೆ ಬಂದ ಒಂದು ಕರಡು ಅರ್ಜಿಯನ್ನೇ ತೆಗೆದುಕೊಳ್ಳೋಣ. ಮೂಲೆ ಸೈಟು, ಪಕ್ಕದ ರಸ್ತೆಯ ಗಡಿಯಿಂದ 15 ಅಡಿ ಒಳಗೆ ಬೇಲಿ ನಿಲ್ಲಬೇಕೆಂಬುದು ನಿಯಮ, 5 ಅಡಿಗೆ ನಿಲ್ಲಿಸಲು ಅನುಮತಿ ಬೇಕೆಂಬುದು ಕೋರಿಕೆ. ಮಕ್ಕಳು ಚಿಕ್ಕವರು, ನಾಯಿ ಇದೆ, ಎದುರು ಮನೆಯವರ ಬೇಲಿಯೂ ರಸ್ತೆಗೆ ಹತ್ತಿರವಿದೆ, ಕಂಟ್ರಾಕ್ಟರನಿಗೆ ಮುಂಗಡ ಕೊಟ್ಟಾಗಿದೆ ಎಂದು ಒಂದು ಪುಟ ಬರೆದಿದ್ದರು. ಎಲ್ಲವೂ ನಿಜ, ಯಾವುದೂ ಉಪಯೋಗಕ್ಕಿಲ್ಲ. ಎದುರು ಮನೆಯ ಬೇಲಿ ಈಗಿನ ನಿಯಮಕ್ಕಿಂತ ಹಳೆಯದಿರಬಹುದು, ಅಥವಾ ಅದೇ ನಿಯಮಬಾಹಿರವಾಗಿರಬಹುದು. ಮುಂಗಡವಂತೂ ತಾವಾಗಿ ತಂದುಕೊಂಡ ಕಷ್ಟ. ಅದನ್ನು ಬರೆದರೆ ಅರ್ಜಿ ಇನ್ನಷ್ಟು ದುರ್ಬಲವಾಗುತ್ತದೆ.

ಆ ಸೈಟಿಗೆ ಹೋಗಿ ನೋಡಿದಾಗ ಅರ್ಜಿಗೆ ಬೇಕಾದದ್ದು ಅಲ್ಲೇ ಸಿಕ್ಕಿತು. ರಸ್ತೆಯ ಕಡೆಯಿಂದ ನೆಲ ಇಳಿಜಾರಾಗಿದ್ದು, 15 ಅಡಿಯ ಗೆರೆಯ ಬಳಿ ಫುಟ್‌ಪಾತಿಗಿಂತ 3 ಅಡಿ ತಗ್ಗಿತ್ತು. ಅಲ್ಲಿ 6 ಅಡಿಯ ಬೇಲಿ ನಿಲ್ಲಿಸಿದರೆ ದಾರಿಹೋಕರಿಗೆ ಅದರ ತುದಿ ಸೊಂಟದ ಮಟ್ಟಕ್ಕೆ ಬರುತ್ತದೆ, ಒಳಗಿನದೆಲ್ಲ ಕಾಣುತ್ತದೆ. ಹಿಂಬದಿಯಲ್ಲಿ ಮಳೆನೀರು ಹರಿಯಲು ಮೀಸಲಿಟ್ಟ ಜಾಗ, ಅಂದರೆ ಈಸ್‌ಮೆಂಟ್, ಇದ್ದುದರಿಂದ ಆ ಕಡೆಗೂ ಜರುಗುವಂತಿರಲಿಲ್ಲ. 5 ಅಡಿಯ ಬಳಿ ನೆಲ ಫುಟ್‌ಪಾತಿಗೆ ಹೆಚ್ಚುಕಡಿಮೆ ಸಮ. ಹೊಸ ಅರ್ಜಿಯಲ್ಲಿ ಈ ಮಟ್ಟಗಳನ್ನು ಸರ್ವೇಯರರಿಂದ ಅಳೆಸಿ ನಕ್ಷೆಯಲ್ಲಿ ತೋರಿಸಿದೆವು. ತಿರುವಿನಲ್ಲಿ ವಾಹನ ಸವಾರರಿಗೆ ಕಾಣಬೇಕಾದ ತ್ರಿಕೋನಾಕಾರದ ಜಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಬೇಲಿ ಅದರೊಳಗೆ ಬರುವುದಿಲ್ಲವೆಂದು ಬರೆದೆವು. ನಿಯಮದ ಉದ್ದೇಶ ಉಳಿಯುತ್ತದೆಂದು ವಾದಿಸುವುದಕ್ಕಿಂತ ಹೀಗೆ ತೋರಿಸಿಬಿಡುವುದು ಲೇಸು. ಕೇಳುವುದೂ ಅಗತ್ಯವಿದ್ದಷ್ಟೇ ಇರಲಿ. ಗಡಿಯ ಮೇಲೆಯೇ ಬೇಲಿ ಕೇಳಿ ಆಮೇಲೆ ಚೌಕಾಸಿ ಮಾಡೋಣವೆಂಬ ಲೆಕ್ಕಾಚಾರ ಮಂಡಳಿಯ ಮುಂದೆ ನಡೆಯುವುದಿಲ್ಲ.

ಖರ್ಚಿನ ಮಾತನ್ನು ಎತ್ತಲೇಬಾರದೆಂದಲ್ಲ. 2021ರಿಂದ ಟೆಕ್ಸಸ್‌ನಲ್ಲಿ ಮಂಡಳಿ ಅದನ್ನೂ ಪರಿಗಣಿಸಬಹುದು, ಆದರೆ ನಿಯಮ ಪಾಲನೆಯ ವೆಚ್ಚ ಕಟ್ಟಡದ ತೆರಿಗೆ ಮೌಲ್ಯದ ಶೇ 50ನ್ನು ಮೀರಿರಬೇಕು. ಮನೆಯ ಬೇಲಿಗೆ ಅಷ್ಟು ಖರ್ಚಾಗುವುದುಂಟೇ?

ಮತದ ಲೆಕ್ಕವನ್ನು ಹೆಚ್ಚಿನ ಅರ್ಜಿದಾರರು ಗಮನಿಸುವುದಿಲ್ಲ. ಮಂಡಳಿಯ ಒಟ್ಟು ಸದಸ್ಯರಲ್ಲಿ ಶೇ 75ರಷ್ಟು ಮಂದಿ ಒಪ್ಪಿದರೆ ಮಾತ್ರ ವಿನಾಯಿತಿ ಸಿಗುತ್ತದೆ. ಐವರ ಮಂಡಳಿಯಲ್ಲಿ ನಾಲ್ವರು ಒಪ್ಪಬೇಕು. ಆ ದಿನ ನಾಲ್ವರೇ ಹಾಜರಿದ್ದರೆ ಒಬ್ಬರೂ ವಿರೋಧಿಸುವಂತಿಲ್ಲ. ಅಂಥ ಸಂದರ್ಭದಲ್ಲಿ ಮುಂದಿನ ಸಭೆಗೆ ಮುಂದೂಡಲು ಸಾಧ್ಯವೇ ಎಂದು ವಿಚಾರಣೆ ಶುರುವಾಗುವ ಮುನ್ನವೇ ಕೇಳಬೇಕು. ತೀರ್ಮಾನ ವಿರುದ್ಧವಾದರೆ ನ್ಯಾಯಾಲಯಕ್ಕೆ ಹೋಗಲು ಇರುವ ಅವಧಿ, ಅದು ಮಂಡಳಿಯ ಕಚೇರಿಯಲ್ಲಿ ದಾಖಲಾದ ನಂತರ 10 ದಿನ ಮಾತ್ರ.

ಇನ್ನೊಂದು ತೊಡಕು ಪ್ಲ್ಯಾಟ್‌ನದ್ದು, ಅಂದರೆ ಕೌಂಟಿಯಲ್ಲಿ ನೋಂದಾಯಿತವಾದ ಬಡಾವಣೆ ನಕ್ಷೆಯದ್ದು. ಕಟ್ಟಡದ ಗೆರೆ, ಈಸ್‌ಮೆಂಟ್, ಬೇಲಿಯ ಷರತ್ತು ಅದರ ಮೇಲೆಯೇ ಬರೆದಿದ್ದರೆ ವಲಯ ನಿಯಮದ ವಿನಾಯಿತಿಯಿಂದ ಅದು ಅಳಿಸಿಹೋಗುವುದಿಲ್ಲ. ಪ್ಲ್ಯಾಟ್ ತಿದ್ದುಪಡಿಯ ಪ್ರತ್ಯೇಕ ಪ್ರಕ್ರಿಯೆ ಬೇಕಾಗಬಹುದು. ಕೆಲವು ನಗರಗಳಲ್ಲಿ ಬೇಲಿಯ ನಿಯಮ ವಲಯ ಸಂಹಿತೆಯಲ್ಲಿಲ್ಲದೆ ಬೇರೆಡೆ ಇರುತ್ತದೆ, ಆಗ ಅರ್ಜಿ ಹೋಗಬೇಕಾದ ಮಂಡಳಿಯೇ ಬೇರೆ. ಶುಲ್ಕ ಕಟ್ಟುವ ಮುನ್ನ ಯೋಜನಾ ಇಲಾಖೆಯ ಸಿಬ್ಬಂದಿಯೊಡನೆ ಅರ್ಧ ಗಂಟೆ ಕುಳಿತು ಇದನ್ನು ಖಚಿತಪಡಿಸಿಕೊಳ್ಳಿ.

ಒಪ್ಪಿಗೆ ಸಿಕ್ಕ ಮೇಲೂ ನಗರ ಕೇಳುವ ಪರ್ಮಿಟ್ಟನ್ನು ಗಡುವಿನೊಳಗೆ ಪಡೆಯಬೇಕು. ಕಂಬದ ಗುಂಡಿಗೆ ಯಂತ್ರ ತರಿಸುವ ಕನಿಷ್ಠ 48 ಗಂಟೆ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳನ್ನು ಗುರುತು ಹಾಕಿಸಿಕೊಳ್ಳಬೇಕು.