ಒಂದು ಸಿಟಿ ಸ್ಕ್ಯಾನ್ ಎಂದರೆ ಎಷ್ಟು ಎಕ್ಸ್‌ರೇ?

ಹಾಸನದಲ್ಲಿ ಡಾಕ್ಟರು ಸಿಟಿ ಸ್ಕ್ಯಾನ್ ಬರೆದುಕೊಟ್ಟರೆ ಮನೆಯಲ್ಲಿ ಇವತ್ತಿಗೂ ಎರಡು ಮಾತು. "ಮಾಡಿಸಿಬಿಡಿ, ಎಲ್ಲ ಗೊತ್ತಾಗುತ್ತೆ" ಅನ್ನುವವರು ಒಂದು ಕಡೆ. "ಬೇಡ, ಕ್ಯಾನ್ಸರ್ ಬರುತ್ತಂತೆ" ಅನ್ನುವವರು ಇನ್ನೊಂದು ಕಡೆ.

ಸಿಟಿ ಸ್ಕ್ಯಾನ್ ಕೆಲಸ ಮಾಡುವುದೂ ಎಕ್ಸ್‌ರೇಯಿಂದಲೇ, ಭಯ ಅದರ ವಿಕಿರಣದ್ದು. 1895ರಲ್ಲಿ ಎಕ್ಸ್‌ರೇ ಪತ್ತೆಯಾಯಿತು. 1945ರಲ್ಲಿ ಹಿರೋಷಿಮಾ, ನಾಗಸಾಕಿಯ ಮೇಲೆ ಬಾಂಬ್ ಬಿತ್ತು. ಅಲ್ಲಿ ಬದುಕುಳಿದವರನ್ನು 1950ರಿಂದ ಗಮನಿಸುತ್ತಾ ಬಂದಿದ್ದಾರೆ. ವಿಕಿರಣದ ಡೋಸ್ ಜಾಸ್ತಿ ತಗಲಿದವರಲ್ಲಿ ಕ್ಯಾನ್ಸರ್ ಜಾಸ್ತಿ, ಇದರಲ್ಲಿ ತಕರಾರಿಲ್ಲ. 100 ಮಿಲಿಸೀವರ್ಟ್‌ಗಿಂತ (ಮೈಗೆ ತಗಲುವ ವಿಕಿರಣದ ಅಳತೆ ಇದು) ಕೆಳಗೆ ಮಾತ್ರ ಲೆಕ್ಕ ಮಸುಕು. ವಿಕಿರಣ ಇಲ್ಲದೆಯೂ ಕ್ಯಾನ್ಸರ್ ಬರುತ್ತದೆ ಅಲ್ವಾ? ಆ ರಾಶಿಯಲ್ಲಿ ಒಂದೆರಡು ಹೆಚ್ಚಾದರೆ ಹೆಕ್ಕುವುದು ಕಷ್ಟ. ಹಾಗಾಗಿ ಡೋಸ್ ಎಷ್ಟೇ ಕಡಿಮೆ ಇದ್ದರೂ ಅದರ ಪಾಲಿನ ಅಪಾಯ ಇದ್ದೇ ಇದೆ ಎಂದುಕೊಂಡು ನಿಯಮ ಮಾಡಿದರು. ಅದು ಎಚ್ಚರಿಕೆಗೆ ಇಟ್ಟುಕೊಂಡ ಲೆಕ್ಕ, ಯಾರೊಬ್ಬರ ಜಾತಕ ಅಲ್ಲ.

ನಮ್ಮ ಕಡೆ ಸಿಟಿ ಸ್ಕ್ಯಾನಿನ ಈ ಭಯ ಮನೆಮಾತಾದದ್ದು 2021ರ ಏಪ್ರಿಲ್-ಮೇನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಸ್ವಾಬ್ ರಿಪೋರ್ಟ್ ತಡ, ಸ್ಕ್ಯಾನ್ ಬೇಗ. ಫೋನ್ ಎತ್ತಿದರೆ ಮೊದಲ ಪ್ರಶ್ನೆಯೇ "ಸ್ಕೋರ್ ಎಷ್ಟು?" ಶ್ವಾಸಕೋಶಕ್ಕೆ ಸೋಂಕು ಎಷ್ಟು ಹರಡಿದೆ ಅನ್ನುವ ಅಂಕ ಅದು, 25ಕ್ಕೆ ಇಷ್ಟು ಅಂತ, ಪರೀಕ್ಷೆಯ ಮಾರ್ಕ್ಸ್ ಹೇಳಿದ ಹಾಗೆ. ಆಗ ದೆಹಲಿಯ ಏಮ್ಸ್ ನಿರ್ದೇಶಕರು ಒಂದು ಸ್ಕ್ಯಾನ್ 300-400 ಎದೆ ಎಕ್ಸ್‌ರೇಗೆ ಸಮ ಎಂದರು. ಸೋಂಕು ಸೌಮ್ಯವಾಗಿದ್ದರೆ ಸುಮ್ನೆ ಮಾಡಿಸಬೇಡಿ ಅನ್ನುವುದು ಅವರ ಮಾತಿನ ತಿರುಳು. ರೇಡಿಯಾಲಜಿಸ್ಟರ ಸಂಘ ಒಪ್ಪಲಿಲ್ಲ. ಅದು ಹಳೇ ಲೆಕ್ಕ, ಈಗಿನ ಯಂತ್ರಗಳಲ್ಲಿ 5ರಿಂದ 10 ಎಕ್ಸ್‌ರೇಯಷ್ಟೇ ಎಂದಿತು. ವಾಟ್ಸಾಪಿನಲ್ಲಿ ಓಡಾಡಿದ್ದು 400 ಮಾತ್ರ. ತಿರುಳು ದಾರಿಯಲ್ಲೇ ಉದುರಿಹೋಯಿತು.

ಯಾರ ಲೆಕ್ಕ ಸರಿ? ಎರಡನ್ನೂ ಹೊಂದಿಸಬಹುದು. ಎದೆ ಎಕ್ಸ್‌ರೇ 0.02ರಿಂದ 0.1 ಮಿಲಿಸೀವರ್ಟ್. ಮಾಮೂಲಿ ಎದೆ ಸಿಟಿ ಸುಮಾರು 7, ಕಡಿಮೆ ಡೋಸಿನದಾದರೆ 1ರ ಆಸುಪಾಸು. 7ನ್ನು 0.02ರಿಂದ ಭಾಗಿಸಿ, 350. 1ನ್ನು 0.1ರಿಂದ ಭಾಗಿಸಿ, 10. ನೆಲ, ಗಾಳಿ, ಆಹಾರ, ಆಕಾಶದಿಂದ ವರ್ಷಕ್ಕೆ ಒಬ್ಬರಿಗೆ ತಗಲುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ 2.4ರಿಂದ 3 ಮಿಲಿಸೀವರ್ಟ್. ಎಕ್ಸ್‌ರೇ ಬಿಟ್ಟು ಇದರ ಜೊತೆ ಹೋಲಿಸಿದ್ದರೆ ಅಷ್ಟು ಗಾಬರಿ ಇರುತ್ತಿರಲಿಲ್ಲವೇನೋ.

(ಹಾಸನದ ಇಸ್ರೋ ಕೇಂದ್ರದ ಡಿಶ್‌ಗಳನ್ನೂ ಮೊಬೈಲ್ ಟವರನ್ನೂ ಇದೇ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅವು ರೇಡಿಯೋ ಅಲೆ. ಎಕ್ಸ್‌ರೇಯಂತೆ ಡಿಎನ್‌ಎ ಕತ್ತರಿಸುವ ಶಕ್ತಿ ಅವಕ್ಕಿಲ್ಲ.)

ಸ್ಕ್ಯಾನ್ ಮುಗಿದಾಗ ಯಂತ್ರದ ಪರದೆಯಲ್ಲಿ ಡಿಎಲ್‌ಪಿ ಅನ್ನುವ ಅಂಕಿ ಬರುತ್ತದೆ, ಇಡೀ ಸ್ಕ್ಯಾನಿಗೆ ಯಂತ್ರ ಬಿಟ್ಟ ಒಟ್ಟು ವಿಕಿರಣದ ಲೆಕ್ಕ. ದೊಡ್ಡವರ ಎದೆಯ ಸ್ಕ್ಯಾನಾದರೆ ಅದನ್ನು 0.014ರಿಂದ ಗುಣಿಸಿದರೆ ಹೆಚ್ಚುಕಡಿಮೆ ಮಿಲಿಸೀವರ್ಟ್ ಸಿಗುತ್ತದೆ. 300 ಇದ್ದರೆ 4.2. ನಮ್ಮ ಕೈಗೆ ಕೊಡುವ ದೊಡ್ಡ ಕವರಿನಲ್ಲಿ ಫಿಲ್ಮ್, ರಿಪೋರ್ಟ್, ಬಿಲ್ ಎಲ್ಲ ಇರುತ್ತವೆ. ಈ ಒಂದು ಸಾಲನ್ನೂ ರಿಪೋರ್ಟಿನಲ್ಲಿ ಟೈಪ್ ಮಾಡಿ ಕೊಡಲು ಎಷ್ಟು ಹೊತ್ತು ಬೇಕು?