ಕಡ್ಡಿ ಎಳೆದರೆ ಚಿತ್ರದುರ್ಗ, ಸೆಟ್ಟು ತಿರುಗಿಸಿದರೆ ಭದ್ರಾವತಿ: ಏಕೆ?

ಪ್ರಶ್ನೆ: ದಾವಣಗೆರೆಯ ನಮ್ಮ ಮನೆಯಲ್ಲಿ ಚಿತ್ರದುರ್ಗದ ಎಫ್‌ಎಂ ಕೇಳಬೇಕಾದರೆ ರೇಡಿಯೊದ ಕಡ್ಡಿಯನ್ನು ಪೂರ್ತಿ ಎಳೆಯಬೇಕು. ಭದ್ರಾವತಿ ಆಕಾಶವಾಣಿಗೆ ಕಡ್ಡಿ ಎಳೆದರೂ ಮಡಚಿದರೂ ಒಂದೇ. ಆದರೆ ಸೆಟ್ಟನ್ನು ತಿರುಗಿಸಿದಂತೆಲ್ಲ ದನಿ ಏರುತ್ತದೆ, ಇಳಿಯುತ್ತದೆ. ಹೀಗೇಕೆ? ತಾರಸಿಯ ಮೇಲೆ ಆಂಟೆನಾ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಸೆಟ್ಟಿನಲ್ಲಿರುವುದು ಒಂದಲ್ಲ, ಎರಡು ಆಂಟೆನಾ. ಹೊರಗೆ ಕಾಣುವ ಕಡ್ಡಿ ಎಫ್‌ಎಂಗೆ, ಶಾರ್ಟ್‌ವೇವ್ ಇದ್ದರೆ ಅದಕ್ಕೂ. ಮೀಡಿಯಂ ವೇವ್‌ನಲ್ಲಿ ಬರುವ ಭದ್ರಾವತಿಯನ್ನು ಹಿಡಿಯುವುದು ಒಳಗಿದೆ. ಹಿಂಬದಿಯ ಮುಚ್ಚಳ ತೆಗೆದರೆ ಬೂದುಗಪ್ಪು ಬಣ್ಣದ ಫೆರೈಟ್ (ಕಾಂತಗುಣವುಳ್ಳ ಪಿಂಗಾಣಿಯಂಥ ವಸ್ತು) ಸರಳೊಂದು, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಸಣ್ಣ ತಾಮ್ರದ ತಂತಿ ಕಾಣುತ್ತದೆ.

ಎರಡು ಬಗೆ ಏಕೆಂಬುದು ತರಂಗದ ಉದ್ದವನ್ನು ಲೆಕ್ಕ ಹಾಕಿದರೆ ತಿಳಿಯುತ್ತದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಚಿತ್ರದುರ್ಗ ಕೇಂದ್ರದ 102.6 ಮೆಗಾಹರ್ಟ್ಸ್‌ಗೆ ಅದು ಸುಮಾರು 2.92 ಮೀಟರ್, ಅದರ ಕಾಲು ಭಾಗ 73 ಸೆಂಟಿಮೀಟರ್. ತರಂಗದ ವಿದ್ಯುತ್ ಕ್ಷೇತ್ರವು ಲೋಹದ ಕಡ್ಡಿಯೊಳಗಿನ ಎಲೆಕ್ಟ್ರಾನುಗಳನ್ನು ಹಿಂದೆಮುಂದೆ ತಳ್ಳುತ್ತದೆ. ಕಡ್ಡಿಯ ಉದ್ದ ಈ ಕಾಲು ಭಾಗದ ಹತ್ತಿರಕ್ಕೆ ಬಂದಾಗ ಆ ಓಡಾಟ ಅನುರಣನಕ್ಕೆ ಬಂದು, ಅಂದರೆ ತರಂಗದ ಲಯಕ್ಕೆ ಹೊಂದಿಕೊಂಡು, ಸಂಕೇತ ಬಲವಾಗುತ್ತದೆ. ಪೂರ್ತಿ ಎಳೆದಾಗ ದನಿ ಸ್ಪಷ್ಟವಾಗುವುದು ಇದರಿಂದಲೇ.

ಭದ್ರಾವತಿಯ 675 ಕಿಲೋಹರ್ಟ್ಸ್‌ಗೆ, ಅಂದರೆ 0.675 ಮೆಗಾಹರ್ಟ್ಸ್‌ಗೆ, ಇದೇ ಲೆಕ್ಕ ಹಾಕಿದರೆ ತರಂಗ 444 ಮೀಟರ್, ಕಾಲು ಭಾಗ 111 ಮೀಟರ್. ಮೀಡಿಯಂ ವೇವ್ ಕೇಂದ್ರಗಳಲ್ಲಿ ಎತ್ತರದ ಕಂಬವೇ ಆಂಟೆನಾ ಆಗಿರುವುದು ಈ ಕಾರಣಕ್ಕೆ. ಎಫ್‌ಎಂ ಕೇಂದ್ರದ ಗೋಪುರವಾದರೋ ಚಿಕ್ಕ ಆಂಟೆನಾಗಳನ್ನು ಎತ್ತರಕ್ಕೆ ಏರಿಸುವ ಆಸರೆ ಮಾತ್ರ. ಮನೆಯ ಸೆಟ್ಟಿನಲ್ಲಿ 111 ಮೀಟರ್ ಅಸಾಧ್ಯವಾದ್ದರಿಂದ ತರಂಗದ ಕಾಂತಕ್ಷೇತ್ರವನ್ನು ಹಿಡಿಯುವ ಉಪಾಯವಿದೆ. ಫೆರೈಟ್ ಆ ಕ್ಷೇತ್ರವನ್ನು ತನ್ನೊಳಗೆ ಸೆಳೆದು ಸುರುಳಿಯ ಮೂಲಕ ಹಾಯಿಸುತ್ತದೆ. ಸರಳು ಕೇಂದ್ರದ ದಿಕ್ಕಿಗೆ ಅಡ್ಡವಾಗಿದ್ದಾಗ ದನಿ ಗರಿಷ್ಠ, ತುದಿ ನೇರವಾಗಿ ಕೇಂದ್ರದ ಕಡೆ ತೋರಿದಾಗ ಕನಿಷ್ಠ. ಭದ್ರಾವತಿ ದಾವಣಗೆರೆಗೆ ಬಹುಮಟ್ಟಿಗೆ ದಕ್ಷಿಣಕ್ಕಿರುವುದರಿಂದ ಸರಳು ಪೂರ್ವ–ಪಶ್ಚಿಮವಾಗಿ ನಿಲ್ಲುವಂತೆ ಸೆಟ್ಟನ್ನಿಡಿ.

ತಾರಸಿಯ ಆಂಟೆನಾದಿಂದ ಎಫ್‌ಎಂಗೆ ಖಂಡಿತ ಪ್ರಯೋಜನವಿದೆ. ಎಫ್‌ಎಂ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಸೊರಗುತ್ತವೆ. ಹೀಗಾಗಿ ಎತ್ತರವೇ ಮೊದಲ ಮದ್ದು. ಹೊರಗಿನ ಆಂಟೆನಾ ಸಿಕ್ಕಿಸುವ ಕಿಂಡಿ ಸೆಟ್ಟಿನಲ್ಲಿದ್ದರೆ, ಅಂಗಡಿಯಲ್ಲಿ ಕೊಳ್ಳುವ ಬದಲು ಡೈಪೋಲನ್ನು, ಅಂದರೆ ಎರಡು ತೋಳಿನ ಸರಳ ಆಂಟೆನಾವನ್ನು, ನೀವೇ ಕಟ್ಟಿಕೊಳ್ಳುವುದು ಮೇಲು. ತಲಾ 70 ಸೆಂಟಿಮೀಟರ್‌ನ ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಒಂದೇ ಸಾಲಿನಲ್ಲಿ, ನಡುವೆ ತುಸು ಜಾಗ ಬಿಟ್ಟು, ಪ್ಲಾಸ್ಟಿಕ್ ತುಂಡಿಗೆ ಬಿಗಿಯಿರಿ. ಟಿವಿ ಕೇಬಲ್ಲಿನ ನಡುವಿನ ತಂತಿಯನ್ನು ಒಂದಕ್ಕೆ, ಹೊರ ಜಾಲರಿಯನ್ನು ಇನ್ನೊಂದಕ್ಕೆ ಜೋಡಿಸಿ. ಡೈಪೋಲಿನ ರೋಧ ಸುಮಾರು 73 ಓಮ್, ಕೇಬಲ್ಲಿನದು 75 ಓಮ್ ಆದ್ದರಿಂದ ಹೊಂದಾಣಿಕೆ ಚೆನ್ನಾಗಿರುತ್ತದೆ. ಚಿತ್ರದುರ್ಗ ನಿಮಗೆ ಪೂರ್ವ–ಆಗ್ನೇಯಕ್ಕಿದೆ. ತೋಳುಗಳನ್ನು ಸರಿಸುಮಾರು ಉತ್ತರ–ದಕ್ಷಿಣವಾಗಿ ಚಾಚಿ, ಬಳಿಕ ನೆಟ್ಟಗೆ ನಿಲ್ಲಿಸಿಯೂ ನೋಡಿ, ಯಾವುದು ಬಲವೋ ಹಾಗೆಯೇ ಬಿಗಿದುಬಿಡಿ. ವಿದ್ಯುತ್ ತಂತಿಯ ಸಮೀಪ ಮಾತ್ರ ಬೇಡ.

ಇದೂ ಸಾಲದಿದ್ದರೆ ಯಾಗಿ–ಉಡಾ ಆಂಟೆನಾ ಇದೆ. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಪ್ರಕಟಿಸಿದ ಈ ವಿನ್ಯಾಸದಲ್ಲಿ ಡೈಪೋಲಿನ ಹಿಂದೆ ತುಸು ಉದ್ದನೆಯ ಕೊಳವೆ, ಮುಂದೆ ತುಸು ಗಿಡ್ಡ ಕೊಳವೆಗಳು. ಇವುಗಳಿಗೆ ಕೇಬಲ್ ಸಂಪರ್ಕವೇ ಇಲ್ಲದಿದ್ದರೂ ಒಂದು ದಿಕ್ಕಿನ ಸಂಕೇತವನ್ನು ಡೈಪೋಲಿಗೆ ಒಗ್ಗೂಡಿಸಿ ಕೊಡುತ್ತವೆ. ಆಂಟೆನಾ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬೇರೆ ದಿಕ್ಕುಗಳನ್ನು ಬಿಟ್ಟುಕೊಟ್ಟು ಒಂದನ್ನು ಪಡೆಯುತ್ತದೆ. ಡಿಟಿಎಚ್ ತಟ್ಟೆಯದೂ ಇದೇ ತತ್ವ, ಆದರೆ ಅದರ ತರಂಗ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು. ಎಫ್‌ಎಂಗೆ ಅದು ನಿರುಪಯೋಗಿ.

ಅಟ್ಟದಲ್ಲಿ ದೂರದರ್ಶನ ಕಾಲದ ಹಳೆಯ ಆಂಟೆನಾ ಇದ್ದರೆ ಅದನ್ನೇ ಏರಿಸುವ ಆಸೆಯಾಗಬಹುದು. ಅದು 174ರಿಂದ 230 ಮೆಗಾಹರ್ಟ್ಸ್ ಪಟ್ಟಿಗೆ ಕತ್ತರಿಸಿದ್ದಾದರೆ ಕೊಳವೆಗಳು ಎಫ್‌ಎಂಗೆ ಬೇಕಾದುದರ ಅರ್ಧದಷ್ಟೇ ಇರುತ್ತವೆ. ಕಂಬವನ್ನು ಉಳಿಸಿಕೊಂಡು ಮೇಲಿನದನ್ನು ಬದಲಿಸಿ.